ಎಣಿಸಿ ತಿರುಗುವ ಮೋಟರ್, ಅಳೆದು ಕೊಡುವ ಚಿಪ್
(ಸಂಘದ ಸಭೆಯಲ್ಲಿ ಓದಿ ಚರ್ಚೆ ಮಾಡಲು ಈ ತಿಂಗಳ ಪಾಠ)



ಬೀದರ್ ನಗರ, ಭಾಲ್ಕಿ, ಔರಾದ್ ಈ ಮೂರೂ ಕಡೆ ನಮ್ಮ ಸಂಘಗಳಲ್ಲಿ ಹೊಲಿಗೆ ಬಲ್ಲ ಸದಸ್ಯೆಯರು ಬಹಳ ಮಂದಿ ಇದ್ದೀರಿ. ಮದುವೆ ಸೀಸನ್ ಬಂತೆಂದರೆ ಬ್ಲೌಸಿನ ತೋಳಿಗೆ, ಬೆನ್ನಿಗೆ ಎಂಬ್ರಾಯಿಡರಿ ಬೇಕು ಅಂತ ಗಿರಾಕಿಗಳು ಕೇಳುತ್ತಾರೆ. ಕೈಯಿಂದ ಮಾಡಿದರೆ ದಿನಗಟ್ಟಲೆ ಹಿಡಿಯುತ್ತದೆ. ಅದಕ್ಕೇ ಈಗ ಹಲವು ಸಂಘಗಳ ಸಭೆಯಲ್ಲಿ ಒಂದೇ ಮಾತು: "ಕಂಪ್ಯೂಟರ್ ಎಂಬ್ರಾಯಿಡರಿ ಮಶೀನ್ ತರೋಣೇನ್ರಿ ಸಿಸ್ಟರ್?"

ತರಬಹುದು. ಆದರೆ ತರುವ ಮೊದಲು ಒಂದು ಮಾತು ತಿಳಿದಿರಲಿ. ಮಶೀನಿನ ಸಾಲ ಎಲ್ಲರ ಹೆಸರಿನಲ್ಲಿ ಇರುತ್ತದೆ. ಮಶೀನ್ ನಿಂತರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಮಶೀನ್ ನಿಂತಾಗ ರಿಪೇರಿಯವರು ಬಂದು "ಮೋಟರ್ ಹೋಗ್ಯಾದ" ಅಥವಾ "ಕಾರ್ಡ್ ಹೋಗ್ಯಾದ" ಅಂತಾರೆ. ನಾವು ಏನೂ ಕೇಳದೆ ತಲೆ ಆಡಿಸಿ ದುಡ್ಡು ಎಣಿಸಿ ಕೊಡುತ್ತೇವೆ. "ಅದೆಲ್ಲ ನಿಮಗ ತಿಳಿಯೋದಿಲ್ಲ ಅಕ್ಕ" ಅಂದರೆ ಅದನ್ನೂ ಒಪ್ಪಿಕೊಳ್ಳುತ್ತೇವೆ. ಯಾಕೆ ತಿಳಿಯುವುದಿಲ್ಲ? ಸಂಘದ ಲೆಕ್ಕ, ಬಡ್ಡಿ, ಉಳಿತಾಯ ಎಲ್ಲಾ ಬರೆದಿಡುವ ಹೆಣ್ಣುಮಕ್ಕಳಿಗೆ ಇದೂ ತಿಳಿಯುತ್ತದೆ. ನಿಧಾನವಾಗಿ ಓದಿರಿ. ಒಬ್ಬರು ಓದಿ, ಉಳಿದವರು ಕೇಳಿರಿ.

1. ಇದು ಎಂಥ ಮೋಟರ್?

ಮಿಕ್ಸರಿನ ಮೋಟರ್, ಬೋರಿನ ಪಂಪಿನ ಮೋಟರ್ ನೋಡಿದ್ದೀರಿ. ಸ್ವಿಚ್ ಹಾಕಿದರೆ ಗರಗರ ತಿರುಗುತ್ತವೆ, ತೆಗೆದರೆ ನಿಲ್ಲುತ್ತವೆ. ಎಷ್ಟು ಸುತ್ತು ಆಯಿತು, ಎಲ್ಲಿ ನಿಂತಿತು ಅನ್ನುವ ಲೆಕ್ಕ ಅವಕ್ಕಿಲ್ಲ.

ಎಂಬ್ರಾಯಿಡರಿ ಮಶೀನಿಗೆ ಅಂಥ ಮೋಟರ್ ಸಾಲದು. ಅಲ್ಲಿ ಸೂಜಿ ಒಂದೇ ಜಾಗದಲ್ಲಿ ಮೇಲೆ ಕೆಳಗೆ ಆಡುತ್ತದೆ. ಬಟ್ಟೆ ಬಿಗಿದ ಫ್ರೇಮ್ ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ಸರಿಯುತ್ತದೆ. ಹೂವಿನ ಎಸಳು ಬರಬೇಕಾದರೆ ಫ್ರೇಮ್ ಕೂದಲೆಳೆಯಷ್ಟೂ ತಪ್ಪದೆ ಸರಿಯಬೇಕು. ಈ ಕೆಲಸಕ್ಕೆ ಅನೇಕ ಮಶೀನುಗಳಲ್ಲಿ ಸ್ಟೆಪ್ಪರ್ ಮೋಟರ್ ಇರುತ್ತದೆ. ಸ್ಟೆಪ್ ಅಂದರೆ ಹೆಜ್ಜೆ. ಈ ಮೋಟರ್ ಒಂದೊಂದೇ ಹೆಜ್ಜೆ ಎಣಿಸಿ ತಿರುಗುತ್ತದೆ. ಸಾಮಾನ್ಯವಾಗಿ ಒಂದು ಹೆಜ್ಜೆಗೆ 1.8 ಡಿಗ್ರಿ. ಪೂರ್ತಿ ಸುತ್ತು 360 ಡಿಗ್ರಿ. ಹಾಗಾದರೆ ಒಂದು ಸುತ್ತಿಗೆ 200 ಹೆಜ್ಜೆ.

ಒಂದು ಲೆಕ್ಕ ಮಾಡೋಣ. ಮೋಟರ್ ಒಂದು ಸುತ್ತು ತಿರುಗಿದರೆ ಬೆಲ್ಟ್ ಫ್ರೇಮನ್ನು 40 ಮಿಲಿಮೀಟರ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 40ನ್ನು 200ರಿಂದ ಭಾಗಿಸಿದರೆ ಒಂದು ಹೆಜ್ಜೆಗೆ 0.2 ಮಿಲಿಮೀಟರ್. ಅರ್ಧ ಹೆಜ್ಜೆ ಇಟ್ಟರೆ 0.1 ಮಿಲಿಮೀಟರ್. ಎಂಬ್ರಾಯಿಡರಿ ಡಿಸೈನ್ ಫೈಲಿನಲ್ಲಿ ಬಹಳ ಬಳಕೆಯ ಡಿಎಸ್‌ಟಿ ಅನ್ನುವ ಫೈಲ್ ಕೂಡ ಈ 0.1 ಮಿಲಿಮೀಟರ್ ಅಳತೆಯಲ್ಲೇ ಹೊಲಿಗೆ ಎಣಿಸುತ್ತದೆ.

ಪ್ರಿಂಟರ್, ಮರ ಕೆತ್ತುವ ಸಿಎನ್‌ಸಿ ಯಂತ್ರ, ಮಸಾಲೆ ಪೊಟ್ಟಣ ತುಂಬುವ ಕೆಲವು ಯಂತ್ರಗಳಲ್ಲೂ ಇದೇ ಜಾತಿಯ ಮೋಟರ್ ಇರುತ್ತದೆ. ಚಟ್ನಿಪುಡಿ, ಖಾರದಪುಡಿ ಮಾಡುವ ಸಂಘದವರಿಗೂ ಈ ಪಾಠ ಬೇಕು.

2. ಬೀಸುವ ಕಲ್ಲು ನೆನಪು ಮಾಡಿಕೊಳ್ಳಿ

ನಮ್ಮ ಅವ್ವ, ಅಜ್ಜಿಯರು ಎದುರುಬದುರು ಕುಳಿತು ಬೀಸುತ್ತಿದ್ದರು. ಗೂಟ ಒಂದೇ, ಕೈ ಇಬ್ಬರದು. ಒಬ್ಬಳು ಎಳೆಯುವಾಗ ಇನ್ನೊಬ್ಬಳು ತಳ್ಳಬೇಕು. ಇಬ್ಬರೂ ಒಮ್ಮೆಗೇ ತಮ್ಮ ಕಡೆ ಎಳೆದರೆ ಕಲ್ಲು ನಿಂತುಬಿಡುತ್ತದೆ. ಸರಿಯಾದ ಹೊತ್ತಿಗೆ ಎಳೆಯಲು ಅವರಿಗೆ ಬೀಸುವ ಪದ ಇತ್ತು. ಪದದ ಧಾಟಿಗೆ ಕೈ ಆಡುತ್ತಿತ್ತು.

ಸ್ಟೆಪ್ಪರ್ ಮೋಟರಿನ ಒಳಗೂ ಹೀಗೇ. ಅಲ್ಲಿ ತಾಮ್ರದ ತಂತಿಯ ಎರಡು ಸುರುಳಿ ಇರುತ್ತವೆ. (ಕೆಲವು ಮೋಟರಿನಲ್ಲಿ ಮೂರು ಅಥವಾ ಐದು ಇರುತ್ತವೆ, ತತ್ವ ಒಂದೇ.) ಕರಂಟ್ ಹರಿದಾಗ ಸುರುಳಿ ಅಯಸ್ಕಾಂತವಾಗಿ ನಡುವಿನ ದಂಡವನ್ನು ಎಳೆಯುತ್ತದೆ. ಯಾವ ಸುರುಳಿಗೆ ಯಾವಾಗ, ಯಾವ ದಿಕ್ಕಿಗೆ ಕರಂಟ್ ಕೊಡಬೇಕು ಅಂತ ಹೇಳುವುದು ಒಂದು ಚಿಕ್ಕ ಕಪ್ಪು ಚಿಪ್. ಅದೇ ಕಂಟ್ರೋಲರ್. ಬೀಸುವ ಪದದ ಕೆಲಸ ಇಲ್ಲಿ ಅದರದು.

ಈ ಚಿಪ್‌ಗೆ ಎರಡನೇ ಕೆಲಸವೂ ಇದೆ. ಎಷ್ಟು ಬಲದಿಂದ ಎಳೆಯಬೇಕು ಅನ್ನುವುದನ್ನೂ ಅದೇ ನೋಡಿಕೊಳ್ಳುತ್ತದೆ. ಬಲ ಬರುವುದು ಕರಂಟಿನಿಂದ. ಕರಂಟನ್ನು ಆಂಪ್ ಲೆಕ್ಕದಲ್ಲಿ ಅಳೆಯುತ್ತಾರೆ. ಭಾರವಾದ ಫ್ರೇಮ್ ಎಳೆಯಬೇಕಾದರೆ ಹೆಚ್ಚು ಆಂಪ್ ಬೇಕು.

3. ಹೆಜ್ಜೆ ತಪ್ಪಿದರೆ ಏನಾಗುತ್ತದೆ?

ಮಶೀನ್ ನಿಮಿಷಕ್ಕೆ 800 ಹೊಲಿಗೆ ಹಾಕುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಒಂದು ಹೊಲಿಗೆಗೆ ಸಿಗುವುದು ಅದರಲ್ಲಿ 75 ಪಾಲು ಮಾತ್ರ. ಅದರಲ್ಲೂ ಸೂಜಿ ಬಟ್ಟೆಯ ಒಳಗಿದ್ದಾಗ ಫ್ರೇಮ್ ಸರಿಯುವಂತಿಲ್ಲ, ಸೂಜಿ ಮುರಿಯುತ್ತದೆ. ಸರಿಯಲು ಹೆಚ್ಚುಕಡಿಮೆ ಅರ್ಧ ಹೊತ್ತು ಉಳಿಯುತ್ತದೆ. ಅಷ್ಟರಲ್ಲಿ ಫ್ರೇಮ್ 3 ಮಿಲಿಮೀಟರ್ ಹೋಗಿ ನಿಲ್ಲಬೇಕಾದರೆ ಮೋಟರ್ 30 ಅರ್ಧ ಹೆಜ್ಜೆ ಇಡಬೇಕು.

ಬಲ ಸಾಲದಿದ್ದರೆ ಮೋಟರ್ ಕೆಲವು ಹೆಜ್ಜೆ ತಪ್ಪಿಸುತ್ತದೆ. ಸಾದಾ ಸ್ಟೆಪ್ಪರ್ ಮೋಟರಿಗೆ ತಾನು ತಪ್ಪಿದ್ದು ತನಗೇ ಗೊತ್ತಾಗುವುದಿಲ್ಲ. ಕಂಪ್ಯೂಟರ್ "30 ಹೆಜ್ಜೆ ಇಡು" ಅಂದಿತು, ಅದು 25 ಇಟ್ಟಿತು, ಮುಂದಿನ ಹೊಲಿಗೆ ಅಲ್ಲಿಂದಲೇ ಶುರು. ಎಸಳಿನ ಅಂಚು ಒಂದು ಕಡೆ, ತುಂಬಿದ ಬಣ್ಣ ಇನ್ನೊಂದು ಕಡೆ. ಗಿರಾಕಿಯ ರೇಷ್ಮೆ ಬ್ಲೌಸ್ ಕೆಟ್ಟಿತು. ಅದರ ದುಡ್ಡು ಸಂಘದ ಮೇಲೆ ಬರುತ್ತದೆ.

4. ಅಳೆದು ಕೊಡುವುದು ಹೇಗೆ?

ಇಲ್ಲಿ ಸ್ವಲ್ಪ ಗಮನ ಕೊಡಿರಿ. 4 ಆಂಪ್ ಬೇಕಾದ ಒಂದು ಮೋಟರಿನ ಸುರುಳಿಯ ತಡೆ ಅರ್ಧ ಓಮ್ ಅಂತ ಇಟ್ಟುಕೊಳ್ಳಿ. 4ನ್ನು ಅರ್ಧದಿಂದ ಗುಣಿಸಿದರೆ 2 ವೋಲ್ಟ್. ಅಂದರೆ 2 ವೋಲ್ಟ್ ಕೊಟ್ಟರೆ ಸಾಕು, 4 ಆಂಪ್ ಹರಿಯುತ್ತದೆ. ಆದರೆ ಮಶೀನಿನೊಳಗೆ ನೋಡಿದರೆ 36 ಅಥವಾ 48 ವೋಲ್ಟ್ ಇರುತ್ತದೆ. ಯಾಕೆ?

ಸುರುಳಿಯಲ್ಲಿ ಕರಂಟ್ ಒಮ್ಮೆಗೇ ಏರುವುದಿಲ್ಲ, ನಿಧಾನವಾಗಿ ಏರುತ್ತದೆ. 2 ವೋಲ್ಟ್ ಕೊಟ್ಟರೆ ಅದು ಏರುವುದರೊಳಗೆ ಹೊಲಿಗೆಯ ಹೊತ್ತೇ ಮುಗಿದಿರುತ್ತದೆ. ಹಾಗಾಗಿ ಹೆಚ್ಚು ವೋಲ್ಟ್ ಕೊಟ್ಟು ಕರಂಟನ್ನು ಜೋರಾಗಿ ಒಳಗೆ ನೂಕುತ್ತಾರೆ. ಆದರೆ 48 ವೋಲ್ಟನ್ನು ಹಾಗೇ ಬಿಟ್ಟರೆ ಸುರುಳಿ ಸುಟ್ಟುಹೋಗುತ್ತದೆ.

ಹಾಲು ಕಾಯಿಸುವುದನ್ನು ನೆನೆಯಿರಿ. ಬೇಗ ಕಾಯಲಿ ಅಂತ ಉರಿ ಜೋರು ಇಡುತ್ತೇವೆ. ಉಕ್ಕಿ ಬಂದಾಗ ತಟ್ಟನೆ ಉರಿ ತೆಗೆಯುತ್ತೇವೆ. ಇಳಿದರೆ ಮತ್ತೆ ಇಡುತ್ತೇವೆ. ಕಂಟ್ರೋಲರ್ ಚಿಪ್ ಮಾಡುವುದೂ ಇದನ್ನೇ. ಕರಂಟ್ 4 ಆಂಪ್ ಮುಟ್ಟಿತೋ, ಕಡಿದುಬಿಡುತ್ತದೆ. ಸ್ವಲ್ಪ ಇಳಿಯಿತೋ, ಮತ್ತೆ ಬಿಡುತ್ತದೆ. ಹೀಗೆ ಸೆಕೆಂಡಿಗೆ ಸಾವಿರಾರು ಸಲ. ಇದಕ್ಕೆ ಚಾಪರ್ ವಿಧಾನ ಅಂತಾರೆ, ಅಂದರೆ ಕಡಿಯುವ ವಿಧಾನ.

ಕರಂಟ್ ಎಷ್ಟಿದೆ ಅಂತ ಚಿಪ್‌ಗೆ ಹೇಗೆ ತಿಳಿಯುತ್ತದೆ? ಕರಂಟ್ ಹೋಗುವ ದಾರಿಯಲ್ಲಿ ಒಂದು ಸಣ್ಣ ತಡೆ ಇಟ್ಟಿರುತ್ತಾರೆ. ಅದು 0.1 ಓಮ್ ಇದ್ದರೆ 4 ಆಂಪಿಗೆ ಅದರ ಮೇಲೆ 0.4 ವೋಲ್ಟ್ ಬರುತ್ತದೆ. ಚಿಪ್ ಅದನ್ನು ನೋಡಿ "ಸಾಕು" ಅನ್ನುತ್ತದೆ. ಸೇರಿನ ಅಳತೆಗೆ ಗೆರೆ ಇದ್ದ ಹಾಗೆ.

5. ಹೆಚ್ಚು ಕರಂಟಿಗೆ ತಲೆ ಬೇರೆ, ತೋಳು ಬೇರೆ

1980ರ ದಶಕದಲ್ಲಿ ಇಟಲಿಯ ಎಸ್‌ಜಿಎಸ್ ಕಂಪನಿ ಎಲ್297, ಎಲ್298 ಅನ್ನುವ ಎರಡು ಚಿಪ್‌ಗಳ ಜೋಡಿ ಹೊರತಂದಿತು. ಆ ಕಂಪನಿ 1987ರಲ್ಲಿ ಫ್ರಾನ್ಸಿನ ಥಾಮ್ಸನ್ ಕಂಪನಿಯ ಚಿಪ್ ವಿಭಾಗದೊಂದಿಗೆ ಸೇರಿತು. ಅದೇ ಈಗಿನ ಎಸ್‌ಟಿ ಮೈಕ್ರೋಎಲೆಕ್ಟ್ರಾನಿಕ್ಸ್. ಈ ಜೋಡಿಯಲ್ಲಿ ಎಲ್297 ತಲೆ: ಹೆಜ್ಜೆಯ ಸರದಿ ಹೇಳುವುದು, ಕರಂಟ್ ಮಿತಿ ಕಾಯುವುದು ಅದರ ಕೆಲಸ. ಎಲ್298 ತೋಳು: ನಿಜವಾಗಿ ಕರಂಟ್ ಹೊರುವುದು ಅದು. ಒಂದು ಸುರುಳಿಗೆ 2 ಆಂಪ್‌ವರೆಗೆ ಅದರ ಶಕ್ತಿ.

ಆದರೆ ಎಲ್298 ಹಳೇ ಕಾಲದ ತೋಳು. 2 ಆಂಪ್ ಹರಿಯುವಾಗ ಅದರೊಳಗೇ ಹೆಚ್ಚೆಂದರೆ 4.9 ವೋಲ್ಟ್ ಕಳೆದುಹೋಗುತ್ತದೆ ಅಂತ ತಯಾರಕರ ಪತ್ರದಲ್ಲೇ ಇದೆ. 2ನ್ನು 4.9ರಿಂದ ಗುಣಿಸಿದರೆ ಸುಮಾರು 10 ವ್ಯಾಟ್. ಒಂದು ಸುರುಳಿಗೇ ಇಷ್ಟು ಶಾಖ, ಎರಡು ಬೆರಳಗಲದ ಚಿಪ್ಪಿನಲ್ಲಿ!

ಆಮೇಲೆ ಬಂದದ್ದು ಮಾಸ್‌ಫೆಟ್ ಅನ್ನುವ ಸ್ವಿಚ್. ಅದರ ತಡೆ ಬಹಳ ಕಡಿಮೆ. 0.02 ಓಮಿನ ಎರಡು ಮಾಸ್‌ಫೆಟ್ ದಾಟಿ 4 ಆಂಪ್ ಹರಿದರೆ 4×4×0.04, ಅಂದರೆ 0.64 ವ್ಯಾಟ್. ಕರಂಟ್ ಎರಡರಷ್ಟು, ಶಾಖ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ.

ಈಗ ಪೇಟೆಯಲ್ಲಿ ಎರಡು ಬಗೆ ಸಿಗುತ್ತವೆ.

ಅ) ತಲೆ-ತೋಳು ಒಂದೇ ಚಿಪ್ಪಿನಲ್ಲಿ ಇರುವವು. ಎ4988 ಸುಮಾರು 2 ಆಂಪ್, ಡಿಆರ್‌ವಿ8825 ಸುಮಾರು 2.5 ಆಂಪ್, ತೋಶಿಬಾದ ಟಿಬಿ6600 ಸುಮಾರು 4.5 ಆಂಪ್. ಇವು ಚೆನ್ನಾಗಿ ತಂಪು ಇಟ್ಟಾಗಿನ ಗರಿಷ್ಠ ಲೆಕ್ಕ. ದಿನಾ ಅಷ್ಟೂ ಹೊರಿಸಬಾರದು.

ಆ) ಚಿಪ್ ತಲೆ ಮಾತ್ರ, ತೋಳು ಹೊರಗೆ. ಅಲೆಗ್ರೋದ ಎ4989, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಡಿಆರ್‌ವಿ8711 ಈ ಜಾತಿಯವು. ಹೊರಗೆ ಎಂಟು ಮಾಸ್‌ಫೆಟ್, ಅಂದರೆ ಒಂದು ಸುರುಳಿಗೆ ನಾಲ್ಕು. ಮಾಸ್‌ಫೆಟ್ ದೊಡ್ಡದು ಹಾಕಿದಷ್ಟು ಹೆಚ್ಚು ಆಂಪ್ ಹೊರಬಹುದು. ದೊಡ್ಡ ಮೋಟರಿಗೆ ಇದು ಸರಿ. ಇನ್ನೊಂದು ಲಾಭ: ಬರೇ ಮಾಸ್‌ಫೆಟ್ ಸುಟ್ಟಿದ್ದರೆ ಬಲ್ಲವರು ಅದನ್ನಷ್ಟೇ ಬದಲಿಸಬಹುದು, ಇಡೀ ಕಾರ್ಡ್ ಎಸೆಯುವ ಅಗತ್ಯ ಬೀಳದಿರಬಹುದು.

ಈ ವಿದ್ಯೆ ನಮಗೆ ದೂರದ್ದೇನಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1985ರಲ್ಲೇ ನಮ್ಮ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೇಂದ್ರ ತೆರೆಯಿತು. ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆ ನಮ್ಮ ಜಿಲ್ಲೆಯಲ್ಲೇ ಇವೆ. ಸಂಘದ ಯಾರದಾದರೂ ಮಗಳು, ಸೊಸೆ ಎಲೆಕ್ಟ್ರಾನಿಕ್ಸ್ ಓದುತ್ತಿದ್ದರೆ ಅವಳನ್ನು ಸಭೆಗೆ ಕರೆಯಿರಿ, ಈ ಪಾಠ ಅವಳಿಂದಲೇ ಓದಿಸಿರಿ.

6. ಶಾಖವೇ ದೊಡ್ಡ ವೈರಿ

ಒಂದು ಸೂತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಕರಂಟ್ ಎರಡರಷ್ಟಾದರೆ ಸುರುಳಿಯ ಶಾಖ ನಾಲ್ಕರಷ್ಟು. 1 ಓಮ್ ತಡೆಗೆ 2 ಆಂಪ್ ಕೊಟ್ಟರೆ 4 ವ್ಯಾಟ್, 4 ಆಂಪ್ ಕೊಟ್ಟರೆ 16 ವ್ಯಾಟ್.

ಡ್ರೈವರ್ ಡಬ್ಬಿಯ ಬದಿಗೆ ಚಿಕ್ಕ ಚಿಕ್ಕ ಸ್ವಿಚ್ಚುಗಳ ಸಾಲು ಇರುತ್ತದೆ. ಯಾವ ಸ್ವಿಚ್ ಮೇಲೆ, ಯಾವುದು ಕೆಳಗೆ ಇದ್ದರೆ ಎಷ್ಟು ಆಂಪ್ ಅಂತ ಪಟ್ಟಿ ಅಲ್ಲೇ ಅಚ್ಚಾಗಿರುತ್ತದೆ. ಕೆಲವು ಡಬ್ಬಿಯಲ್ಲಿ ಎರಡು ಅಂಕಿ ಇರುತ್ತವೆ, 4.2 ಮತ್ತು 3.0 ಅಂತ. ಮೊದಲನೆಯದು ತುದಿಯ ಕರಂಟ್, ಎರಡನೆಯದು ಸರಾಸರಿ ಲೆಕ್ಕದ್ದು. ಎರಡೂ ಒಂದೇ ಸೆಟ್ಟಿಂಗಿನ ಎರಡು ಹೆಸರು. ಮೋಟರಿನ ಚೀಟಿಯ ಅಂಕಿ ಯಾವುದಕ್ಕೆ ಹೊಂದುತ್ತದೆ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ ಬರೆದುಕೊಳ್ಳಿರಿ.

ಹೆಜ್ಜೆ ತಪ್ಪಿದಾಗ ಕೆಲವರು ಹಿಂದೆಮುಂದೆ ನೋಡದೆ ಆಂಪ್ ಏರಿಸಿಬಿಡುತ್ತಾರೆ. ಒಂದು ವಾರ ಮಶೀನ್ ಚೆನ್ನಾಗಿ ಓಡುತ್ತದೆ, ಆಮೇಲೆ ಕಾರ್ಡ್ ಸುಡುತ್ತದೆ. ಮೊದಲು ನೋಡಬೇಕಾದದ್ದು ಬೆಲ್ಟ್ ಬಿಗಿ ಇದೆಯೇ, ಫ್ರೇಮಿನ ದಾರಿಯಲ್ಲಿ ನೂಲು, ಧೂಳು ಸಿಕ್ಕಿದೆಯೇ, ಎಣ್ಣೆ ಇದೆಯೇ ಅಂತ.

ನಮ್ಮ ಕಡೆ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲೆ ತಗಡಿನ ಮನೆ. ಚಿಪ್ಪಿನ ಒಳಗಿನ ಬಿಸಿಗೆ ಸಾಮಾನ್ಯವಾಗಿ 150 ಡಿಗ್ರಿ ಮಿತಿ. ಕೋಣೆಯೇ ಕಾದಿದ್ದರೆ ಆ ಮಿತಿ ಬೇಗ ಮುಟ್ಟುತ್ತದೆ. ಈ ಬಗೆಯ ಬಹಳಷ್ಟು ಚಿಪ್‌ಗಳು ಅತಿಯಾಗಿ ಕಾದಾಗ ತಾವೇ ಕೆಲಸ ನಿಲ್ಲಿಸುತ್ತವೆ, ತಣ್ಣಗಾದ ಮೇಲೆ ಮತ್ತೆ ಶುರು ಮಾಡುತ್ತವೆ. ಮುಂಜಾನೆ ಸರಿಯಾಗಿ ಓಡಿ ಮಧ್ಯಾಹ್ನ ನಿಲ್ಲುವ ಮಶೀನಿಗೆ ಮೊದಲು ಈ ಅನುಮಾನ ಪಡಿರಿ. ಫ್ಯಾನ್ ತಿರುಗುತ್ತಿದೆಯೇ, ಅಲ್ಯೂಮಿನಿಯಂ ಪಟ್ಟಿಯ ಸಂದಿಯಲ್ಲಿ ನೂಲಿನ ಜೊಂಡು ತುಂಬಿದೆಯೇ ನೋಡಿರಿ.

ಇನ್ನೊಂದು ಮಾತು. ಮೋಟರ್ ಮುಟ್ಟಲಾಗದಷ್ಟು ಬಿಸಿ ಇದ್ದ ಮಾತ್ರಕ್ಕೆ ಅದು ಕೆಟ್ಟಿದೆ ಅಂತಲ್ಲ. ಸ್ಟೆಪ್ಪರ್ ಮೋಟರ್ ನಿಂತಾಗಲೂ ಕರಂಟ್ ಹಿಡಿದಿರುತ್ತದೆ, 70-80 ಡಿಗ್ರಿ ಬಿಸಿ ಆಗುವುದುಂಟು. ನಿಂತಾಗ ಕರಂಟ್ ಅರ್ಧ ಮಾಡುವ ಸ್ವಿಚ್ ಹಲವು ಡ್ರೈವರಿನಲ್ಲಿ ಇರುತ್ತದೆ. ಅರ್ಧ ಕರಂಟಿಗೆ ಶಾಖ ಕಾಲು ಭಾಗ.

7. ಮಶೀನ್ ನಿಂತಾಗ: ಇವು ನೆನಪಿರಲಿ

• ಕರಂಟ್ ಇದ್ದಾಗ ಮೋಟರಿನ ವೈರ್ ಯಾವತ್ತೂ ಕೀಳಬೇಡಿರಿ. ಸುರುಳಿಯಲ್ಲಿ ಹರಿಯುವ ಕರಂಟ್ ಒಮ್ಮೆಗೇ ತುಂಡಾದರೆ ಜೋರು ವೋಲ್ಟ್ ಏಳುತ್ತದೆ. ಒಳ್ಳೆಯ ಕಾರ್ಡ್ ಅಷ್ಟಕ್ಕೇ ಸುಟ್ಟುಹೋಗಬಹುದು. ಸಡಿಲ ಪ್ಲಗ್ ಕೂಡ ಇದೇ ಹಾನಿ ಮಾಡುತ್ತದೆ.

• ಮೇನ್ ಸ್ವಿಚ್ ತೆಗೆದ ಮೇಲೂ ಡಬ್ಬಿ ಬಿಚ್ಚಬೇಡಿರಿ. ಒಳಗೆ ಕರಂಟ್ ಹಿಡಿದಿಟ್ಟ ಭಾಗಗಳು ಇರುತ್ತವೆ. ಬಿಚ್ಚುವುದು ಬಲ್ಲವರ ಕೆಲಸ, ಹತ್ತಿರ ನಿಂತು ನೋಡುವುದು ನಮ್ಮ ಕೆಲಸ.

• "ಮೋಟರ್ ಹೋಗ್ಯಾದ" ಅಂದರೆ ಮೀಟರ್ ಹಚ್ಚಿ ತೋರಿಸಲು ಹೇಳಿರಿ. ಪ್ಲಗ್ ತೆಗೆದು ಅಳೆದಾಗ ಎಲ್ಲಾ ಸುರುಳಿಗಳ ಓಮ್ ಹೆಚ್ಚುಕಡಿಮೆ ಒಂದೇ ಬರಬೇಕು. ಸುರುಳಿಗೂ ಮೋಟರಿನ ಮೈಗೂ ಸಂಪರ್ಕ ಇರಬಾರದು. ಎರಡೂ ಸರಿ ಇದ್ದರೆ ಮೋಟರಿನ ಸುರುಳಿ ಬಹುತೇಕ ಚೆನ್ನಾಗಿಯೇ ಇದೆ. ಕಾರ್ಡ್, ಪ್ಲಗ್, ವೈರ್ ನೋಡಲು ಹೇಳಿರಿ.

• ಎರಡು ದಿಕ್ಕಿಗೆ ಒಂದೇ ಬಗೆಯ ಮೋಟರ್, ಒಂದೇ ಸೆಟ್ಟಿಂಗಿನ ಕಾರ್ಡ್ ಇದ್ದರೆ, ಕರಂಟ್ ತೆಗೆದು ಎರಡರ ಪ್ಲಗ್ ಅದಲು ಬದಲು ಮಾಡಿ ನೋಡಲು ಮೆಕ್ಯಾನಿಕ್‌ಗೆ ಹೇಳಿರಿ. ದೋಷ ಮೋಟರಿನ ಜೊತೆ ಹೋದರೆ ಮೋಟರಿನದು, ಕಾರ್ಡಿನ ಹತ್ತಿರವೇ ಉಳಿದರೆ ಕಾರ್ಡಿನದು.

• ಬದಲಿಸಿದ ಹಳೇ ಕಾರ್ಡನ್ನು ವಾಪಸ್ ಕೇಳಿ ಇಟ್ಟುಕೊಳ್ಳಿರಿ. ಅದು ಸಂಘದ ವಸ್ತು.

8. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳು

1) ಫ್ರೇಮ್ ಎಳೆಯುವ ಮೋಟರ್ ಸ್ಟೆಪ್ಪರೋ, ಸರ್ವೋನೋ? (ಸರ್ವೋ ಅಂದರೆ ತಾನು ಎಲ್ಲಿದ್ದೇನೆ ಅಂತ ತಾನೇ ನೋಡಿಕೊಳ್ಳುವ ಮೋಟರ್.)
2) ಮೋಟರಿಗೆ ಎಷ್ಟು ಆಂಪ್ ಬೇಕು? ಡ್ರೈವರ್ ಎಷ್ಟು ಆಂಪ್ ಕೊಡಬಲ್ಲದು? ಡ್ರೈವರಿನ ಶಕ್ತಿ ಮೋಟರಿನ ಅಗತ್ಯಕ್ಕಿಂತ ಹೆಚ್ಚಿರಬೇಕು.
3) ಡ್ರೈವರ್ ತಡೆಯುವ ವೋಲ್ಟ್ ಎಷ್ಟು? ಕೊಡುತ್ತಿರುವುದು ಎಷ್ಟು? 50 ವೋಲ್ಟ್ ಮಿತಿ ಇದ್ದರೆ 36 ವೋಲ್ಟ್ ಕೊಡುವುದು ಸುರಕ್ಷಿತ. ಫ್ರೇಮ್ ತಟ್ಟನೆ ನಿಂತಾಗ ಮೋಟರಿನಿಂದ ಶಕ್ತಿ ಹಿಂದಕ್ಕೆ ಬಂದು ವೋಲ್ಟ್ ಏರುತ್ತದೆ.
4) ಅತಿ ಶಾಖ, ಶಾರ್ಟ್, ಕಡಿಮೆ ವೋಲ್ಟೇಜ್ ಆದಾಗ ತಾನೇ ನಿಲ್ಲುವ ರಕ್ಷಣೆ ಇದೆಯೇ?
5) ಕಾರ್ಡಿಗೆ ಗ್ಯಾರಂಟಿ ಎಷ್ಟು ದಿನ? ಬಾಯಿಮಾತು ಬೇಡ, ಬಿಲ್ಲಿನ ಮೇಲೆ ಬರೆಸಿರಿ. ಚಿಪ್ಪಿನ ಹೆಸರೂ ಬರೆಸಿರಿ. ಡಬ್ಬಿಯ ಮೇಲೆ ಒಂದು ಹೆಸರು, ಒಳಗೆ ಬೇರೆ ಚಿಪ್ ಇರುವುದೂ ಉಂಟು.
6) ಬಿಡಿ ಕಾರ್ಡ್ ಎಲ್ಲಿ ಸಿಗುತ್ತದೆ? ಬೀದರಿನಲ್ಲೋ, ಹೈದರಾಬಾದಿನಲ್ಲೋ, ಸೂರತ್ತಿನಿಂದ ತರಿಸಬೇಕೋ? ಎಷ್ಟು ದಿನ ಹಿಡಿಯುತ್ತದೆ?
7) ಮನೆಯಲ್ಲಿ ಅರ್ಥಿಂಗ್ ಸರಿ ಇದೆಯೇ? ಸ್ಟೆಬಿಲೈಸರ್ ಎಷ್ಟು ದೊಡ್ಡದು ಬೇಕು? ಅದರ ಬೆಲೆಯನ್ನೂ ಸಾಲದ ಲೆಕ್ಕದಲ್ಲಿ ಸೇರಿಸಿರಿ.

ಆರನೇ ಪ್ರಶ್ನೆ ಸಣ್ಣದು ಅನ್ನಿಸಬಹುದು. ಲೆಕ್ಕ ಹಾಕಿ ನೋಡಿರಿ. ಮಶೀನ್ ದಿನಕ್ಕೆ 600 ರೂಪಾಯಿ ಗಳಿಸುತ್ತದೆ ಅಂತ ಇಟ್ಟುಕೊಳ್ಳಿ. ಕಾರ್ಡ್ ಬರಲು 15 ದಿನ ಆದರೆ 9,000 ರೂಪಾಯಿ ಹೋಯಿತು. ಅದೂ ಮದುವೆ ದಿನಗಳಲ್ಲಾದರೆ ಗಿರಾಕಿಯೂ ಹೋದಳು. ಒಂದು ಬಿಡಿ ಕಾರ್ಡ್ ಮೊದಲೇ ತಂದಿಟ್ಟರೆ ಅದು ಖರ್ಚಲ್ಲ, ರಕ್ಷಣೆ. ಮಶೀನಿನ ಗಳಿಕೆಯಿಂದ ತಿಂಗಳಿಗೆ ಇಷ್ಟು ಅಂತ ರಿಪೇರಿ ನಿಧಿ ತೆಗೆದಿಡುವ ಠರಾವು ಮಾಡಿರಿ.

ಕೊನೆಗೆ ಇಷ್ಟು. ಮೋಟರಿನ ಬಲ ಮೋಟರೊಂದರಲ್ಲೇ ಇಲ್ಲ, ಅದಕ್ಕೆ ಕರಂಟ್ ಅಳೆದು ಕೊಡುವ ಚಿಪ್ಪಿನಲ್ಲೂ ಇದೆ. ಕಡಿಮೆ ಕೊಟ್ಟರೆ ಹೆಜ್ಜೆ ತಪ್ಪುತ್ತದೆ, ಹೆಚ್ಚು ಕೊಟ್ಟರೆ ಸುಡುತ್ತದೆ. ಆಂಪ್, ವೋಲ್ಟ್, ಶಾಖ ಈ ಮೂರು ಮಾತು ಕೇಳಬಲ್ಲ ಹೆಣ್ಣುಮಗಳಿಗೆ "ನಿಮಗ ತಿಳಿಯೋದಿಲ್ಲ" ಅಂತ ಯಾರೂ ಸುಲಭವಾಗಿ ಅನ್ನಲಾರರು.

ಸಭೆಯಲ್ಲಿ ಚರ್ಚೆಗೆ:

• ನಮ್ಮ ಸಂಘದಲ್ಲಿ ಅಥವಾ ಊರಿನಲ್ಲಿ ಯಾವ ಯಾವ ಯಂತ್ರಗಳಲ್ಲಿ ಸ್ಟೆಪ್ಪರ್ ಮೋಟರ್ ಇದೆ?
• ಹಿಂದೆ ಯಂತ್ರ ಕೆಟ್ಟಾಗ ರಿಪೇರಿಗೆ ಎಷ್ಟು ಕೊಟ್ಟೆವು? ಏನು ಕೆಟ್ಟಿತ್ತು ಅಂತ ನಮ್ಮ ಪುಸ್ತಕದಲ್ಲಿ ಬರೆದಿದೆಯೇ?
• ಮಶೀನ್ ಇಡುವ ಕೋಣೆ ಬೇಸಿಗೆಯಲ್ಲಿ ಎಷ್ಟು ಕಾಯುತ್ತದೆ? ಗಾಳಿಗೆ ಏನು ಮಾಡಬಹುದು?
• ರಿಪೇರಿ ನಿಧಿಗೆ ತಿಂಗಳಿಗೆ ಎಷ್ಟು ತೆಗೆದಿಡೋಣ?

ಮುಂದಿನ ಸಭೆಯೊಳಗೆ ಮಾಡುವ ಕೆಲಸ: ಮೋಟರಿನ ಚೀಟಿ ಮತ್ತು ಡ್ರೈವರ್ ಡಬ್ಬಿಯ ಮೇಲಿನ ಅಂಕಿಗಳನ್ನು ಠರಾವು ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿರಿ. ಇನ್ನೂ ಮಶೀನ್ ಕೊಳ್ಳದ ಸಂಘದವರು ಮೇಲಿನ ಏಳು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅಂಗಡಿಗೆ ಇಬ್ಬರು ಕೂಡಿ ಹೋಗಿರಿ.